ಕೊಟ್ಟವರ ಕಡೆಗೆ ಬಾಗಿಲು

ಆ ಊರಿನಲ್ಲಿ ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕೆಂದು ಸೂರ್ಯನನ್ನು ಕೇಳುತ್ತಿರಲಿಲ್ಲ, ಗಾಳಿಯನ್ನು ಕೇಳುತ್ತಿರಲಿಲ್ಲ, ಪಂಚಾಂಗವನ್ನಂತೂ ಕೇಳುತ್ತಲೇ ಇರಲಿಲ್ಲ. ನಿನಗೆ ಕೊನೆಯದಾಗಿ ಕೊಟ್ಟವರು ಯಾರು? ಅವರ ಕಡೆಗೆ ಬಾಗಿಲು. ಊರಿಗೆ ಇದ್ದದ್ದು ಅದೊಂದೇ ಕಟ್ಟಳೆ. ಬೇರೆ ಕಡೆ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುತ್ತಾರಲ್ಲ, ಇಲ್ಲಿ ಹಾಗೆ ಅನ್ನುವಂತಿರಲಿಲ್ಲ. ಇಸಿದುಕೊಂಡವನು ಬೆಳಗ್ಗೆ ಎದ್ದು ಕದ ತೆರೆದರೆ ಮೊದಲು ಕಾಣಬೇಕಾದದ್ದು ಕೊಟ್ಟವನ ಮನೆ. ದಿನಾ ಕಂಡರೆ ಮರೆವು ಬರುವುದಿಲ್ಲ ಎಂದು ಹಿರಿಯರು ನಂಬಿದ್ದರು.

ಬೇಡವಾದದ್ದನ್ನು ಸೂರ್ಯ ಮುಳುಗುವುದರೊಳಗೆ ಹಿಂದಿರುಗಿಸಬಹುದಿತ್ತು. ಮುಳುಗಿದ ಮೇಲೂ ಇಟ್ಟುಕೊಂಡರೆ ಬಾಗಿಲು ತಿರುಗಲೇಬೇಕು. ಸುಣ್ಣ ಸುಡುವವನೊಬ್ಬ ಹೂ ಕಟ್ಟುವವಳ ಮೇಲೆ ಮನಸ್ಸಿಟ್ಟು ವಾರಕ್ಕೊಮ್ಮೆ ಸೌತೆಕಾಯಿ ಕಳಿಸುತ್ತಿದ್ದ. ಅವಳು ವಾರಕ್ಕೊಮ್ಮೆ ಹಿಂದಕ್ಕೆ ಕಳಿಸುತ್ತಿದ್ದಳು. ಒಂದು ದಿನ ಬಿಸಿಲಿಗೆ ಬಾಯಾರಿ ಒಂದನ್ನು ಕಚ್ಚಿಬಿಟ್ಟಳು. ಆಮೇಲೆ ಅವಳ ಅಣ್ಣ ಒಂದು ಹೇಂಟೆ ತಂದುಕೊಡುವವರೆಗೆ, ಆರು ತಿಂಗಳು, ಅವಳ ಬಾಗಿಲು ಸುಣ್ಣದ ಗೂಡನ್ನೇ ನೋಡುತ್ತ ಕೂತಿತ್ತು. ಊರು ನಕ್ಕಿತು, ಅವಳೂ ನಕ್ಕಳು. ಆಗೆಲ್ಲ ಬಾಗಿಲು ಅಂದರೆ ನಗುವ ವಿಷಯವೂ ಆಗಿತ್ತು.

ಬಾಗಿಲು ತಿರುಗಿಸುವುದು ಬಡಗಿಯ ಕೆಲಸ. ಮೊದಲು ಹೊಸ್ತಿಲು ಎತ್ತುತ್ತಿದ್ದ, ಆಮೇಲೆ ಬಾಗಿಲುವಾಡ, ಆಮೇಲೆ ಕದ. ಹೊಸ ಕಡೆ ಗೋಡೆ ಒಡೆದು ಮೊದಲು ಹೊಸ್ತಿಲು ಇಡುತ್ತಿದ್ದ, ಆಮೇಲೆ ಬಾಗಿಲುವಾಡ, ಆಮೇಲೆ ಕದ. ಹಳೆಯ ಕಂಡಿಯನ್ನು ಮನೆಯವರೇ ಕೈಯಾರೆ ಮಣ್ಣು ಕಲಸಿ ಮುಚ್ಚಬೇಕು. ಎಲ್ಲ ಮುಗಿದ ಮೇಲೆ ಹೊಸ ಹೊಸ್ತಿಲು ದಾಟಿ ಮೂರು ಹೆಜ್ಜೆ ನಡೆದು “ಕಂಡೆ” ಅನ್ನಬೇಕು. ಆಚೆಯಿಂದ ಕೊಟ್ಟವರು “ಕಂಡೆ” ಅನ್ನಬೇಕು. ಅಲ್ಲಿಗೆ ಕೊಟ್ಟದ್ದು ಮುಟ್ಟಿದ ಹಾಗೆ.

ಬಡಗಿಯ ಮನೆ ಬೀದಿಯ ಮೂಡಲ ಸಾಲಿನಲ್ಲಿ, ಅವನ ಅಕ್ಕನ ಮನೆ ಅದರ ಎದುರಿಗೆ, ಪಡುವಣ ಸಾಲಿನಲ್ಲಿ. ತಾಯಿ ಸತ್ತಾಗ ಅವನಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಎತ್ತಿ ಆಡಿಸಿದವಳು, ಉಣಿಸಿದವಳು, ಬೈದವಳು ಎಲ್ಲ ಅಕ್ಕನೇ. ಅವಳು ಮದುವೆಯಾಗಲಿಲ್ಲ, ಅವನ ಹೆಂಡತಿ ಬಹಳ ದಿನ ಬದುಕಲಿಲ್ಲ. ಅವಳಿಗೆ ಅವನು, ಅವನಿಗೆ ಅವಳು. ವರ್ಷಕ್ಕೊಮ್ಮೆ ಅಕ್ಕ ತಮ್ಮನಿಗೆ ಒಂದು ಬಟ್ಟಲು ಉಪ್ಪು ಕೊಡುತ್ತಿದ್ದಳು, ಅದೇ ದಿನ ತಮ್ಮ ಅಕ್ಕನಿಗೆ ಒಂದು ಬಟ್ಟಲು ಉಪ್ಪು ಕೊಡುತ್ತಿದ್ದ. ನಡುವೆ ಬೇರೆ ಯಾರು ಏನೇ ಕೊಟ್ಟರೂ ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಿಬಿಡುತ್ತಿದ್ದರು. ಊರಿನ ಬಾಗಿಲುಗಳನ್ನೆಲ್ಲ ಹತ್ತಾರು ಸಲ ಕಿತ್ತಿಟ್ಟ ಬಡಗಿ ಆ ಎರಡನ್ನು ಮಾತ್ರ ಮುಟ್ಟಿರಲಿಲ್ಲ. ಬೆಳಗ್ಗೆ ಎರಡು ಕದಗಳೂ ಒಟ್ಟಿಗೆ ತೆರೆಯುತ್ತಿದ್ದವು.

“ಎದ್ಯೇನೋ?”

“ಎದ್ದೆ ಕಣಕ್ಕ.”

ಇಷ್ಟೇ ಮಾತು. ಆದರೆ ಇಷ್ಟು ಸಿಕ್ಕದ ದಿನ ಬಡಗಿಯ ಉಳಿ ನೆಟ್ಟಗೆ ನಡೆಯುತ್ತಿರಲಿಲ್ಲ. ಕದ ತೆರೆದರೆ ಅಕ್ಕನ ಮುಖ ಕಾಣಬೇಕು. ಲೋಕದಿಂದ ಅವನು ಕೇಳಿಕೊಂಡದ್ದು ಅದೊಂದನ್ನೇ.

ಹೀಗಿರುವಾಗ ಬೆಟ್ಟದಾಚೆಯವರು ಬಂದರು.

ಬೆಟ್ಟ ಇದ್ದದ್ದು ಮೂಡಲಿಗೆ, ಬೆಟ್ಟಕ್ಕೂ ಊರಿಗೂ ನಡುವೆ ಹೊಳೆ. ಬೆಟ್ಟದಾಚೆಯವರದು ದೊಡ್ಡ ನಾಡು, ದೊಡ್ಡ ಕೈ. ಹೊಳೆಗೆ ಅವರು ಕಲ್ಲಿನ ಸೇತುವೆ ಕಟ್ಟಿಕೊಟ್ಟರು. ಮಳೆಗಾಲದಲ್ಲಿ ದೋಣಿ ಮುಗುಚಿ ಪ್ರತಿ ವರ್ಷ ಇಬ್ಬರೋ ಮೂವರೋ ನೀರುಪಾಲಾಗುತ್ತಿದ್ದ ಊರು ಅದು. ಸೇತುವೆ ಬಂದ ಮೇಲೆ ಒಬ್ಬರೂ ಹೋಗಲಿಲ್ಲ. ಸುಳ್ಳು ಹೇಳಬಾರದು, ಅದು ಒಳ್ಳೆಯ ಸೇತುವೆ. ಊರ ಯಜಮಾನ ಎಲ್ಲರ ಪರವಾಗಿ ಅದನ್ನು ಹೊತ್ತು ಮುಳುಗಿದ ಮೇಲೂ ಇಟ್ಟುಕೊಂಡ. ಸೇತುವೆಯನ್ನು ಸಂಜೆಯೊಳಗೆ ಎತ್ತಿ ಹಿಂದಕ್ಕೆ ಕೊಡುವುದಾದರೂ ಹೇಗೆ?

ಮರುದಿನದಿಂದ ಬಡಗಿಗೆ ಪುರಸೊತ್ತಿಲ್ಲ. ಹೊಸ್ತಿಲು, ಬಾಗಿಲುವಾಡ, ಕದ. ಹೊಸ್ತಿಲು, ಬಾಗಿಲುವಾಡ, ಕದ. ಇಡೀ ಊರು ಬೆಟ್ಟದ ಕಡೆಗೆ ತಿರುಗಿತು. ಪಡುವಣ ಸಾಲಿನಲ್ಲಿ ಮೊದಲೇ ಬೀದಿಗೂ ಮೂಡಲಿಗೂ ಮುಖ ಮಾಡಿದ್ದ ಬಾಗಿಲುಗಳು ಹಾಗೇ ಉಳಿದವು, ಮಿಕ್ಕವು ಬೀದಿಗೆ ತಿರುಗಿದವು. ಮೂಡಲ ಸಾಲಿನವು ಬೀದಿಗೆ ಬೆನ್ನು ಹಾಕಿದವು. ಕಟ್ಟಕಡೆಗೆ ಬಡಗಿ ತನ್ನ ಬಾಗಿಲನ್ನೂ ಕಿತ್ತ. ಹಳೆಯ ಕಂಡಿಗೆ ಒಳಗಿನಿಂದ ಮಣ್ಣು ಮೆತ್ತುವಾಗ ಎದುರು ಹೊಸ್ತಿಲ ಮೇಲೆ ಅಕ್ಕ ಕೂತು ನೋಡುತ್ತಿದ್ದಳು. ಮಣ್ಣು ಏರುತ್ತಾ ಬಂತು. ಅವಳ ಪಾದ ಮುಚ್ಚಿತು, ಮಡಿಲು ಮುಚ್ಚಿತು, ಮುಖ ಮುಚ್ಚಿತು.

ಊರವರೆಲ್ಲ ಮೂರು ಹೆಜ್ಜೆ ನಡೆದು ಬೆಟ್ಟದ ಕಡೆಗೆ “ಕಂಡೆವು” ಅಂದರು. ಬೆಟ್ಟ ಏನೂ ಅನ್ನಲಿಲ್ಲ. ಬೆಟ್ಟದಾಚೆಯವರ ಪರವಾಗಿ ಸೇತುವೆ ಕಟ್ಟಿಸಿದ ಮನುಷ್ಯ ಅಲ್ಲೇ ನಿಂತಿದ್ದ. ನಗುಮುಖದವನು, ಕೆಟ್ಟವನಲ್ಲ.

“ಚೆನ್ನಾಗಿರೋ ಗೋಡೇನ ಯಾಕೆ ಎಲ್ಲಾರೂ ಒಡೀತಿದ್ದೀರಿ?” ಎಂದು ಯಜಮಾನನನ್ನು ಕೇಳಿದ.

ಯಜಮಾನ ಕಟ್ಟಳೆಯನ್ನು ಹೇಳಿದ. ಸೇತುವೆಯ ಮನುಷ್ಯ ತಿರುಗಿದ ಬಾಗಿಲುಗಳನ್ನು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದ. ಅಂದಿನಿಂದ ಅವನು ದಿನಾ ಬೆಳಗ್ಗೆ ಮೂಡಲ ಸಾಲಿನ ಮುಂದೆ ಒಂದು ಸುತ್ತು ತಿರುಗಾಡಿ ಹೋಗುವುದನ್ನು ಅಭ್ಯಾಸ ಮಾಡಿಕೊಂಡ.

ಉಪ್ಪಿನ ದಿನ ಬಂತು. ಅಕ್ಕ ಬೀದಿ ದಾಟಿ, ಸಾಲು ಸುತ್ತಿ, ತಮ್ಮನ ಹೊಸ ಬಾಗಿಲಿಗೆ ಬಂದು ಒಂದು ಬಟ್ಟಲು ಉಪ್ಪು ಕೊಟ್ಟಳು. ಹೊತ್ತು ಮುಳುಗಿತು. ಬೆಳಗ್ಗೆ ಬಡಗಿ ಉಳಿ ಕೊಡತಿ ಹಿಡಿದು ಹಳೆಯ ಕಂಡಿಯ ಮಣ್ಣಿಗೆ ಮೊದಲ ಪೆಟ್ಟು ಹಾಕಿದ್ದೇ ಯಜಮಾನ ಏದುಸಿರು ಬಿಡುತ್ತ ಓಡಿ ಬಂದ.

“ಏನ್ ಮಾಡ್ತಿದ್ದೀಯೋ?”

“ಅಕ್ಕ ಉಪ್ಪು ಕೊಟ್ಟವಳೆ ಯಜಮಾನ್ರೇ. ಕೊನೇಲಿ ಕೊಟ್ಟೋಳು ಅವಳೇ ಅಲ್ವಾ?”

“ಸೇತುವೆ ಕೊಟ್ಟೋರ ಕಡೆ ಇರೋ ಬಾಗಿಲನ್ನ ಒಂದು ಬಟ್ಟಲು ಉಪ್ಪಿಗೆ ತಿರುಗಿಸ್ತೀಯಾ? ಅವರು ಏನಂದುಕೊಂಡಾರು?”

“ಅವರೇನಾದ್ರೂ ಅಂದ್ರಾ?”

“ಅನ್ನೋವರೆಗೂ ಕಾಯ್ಕೊಂಡು ಕೂರೋಕಾಗ್ತದಾ?”

ಹೀಗೆ ಊರಿಗೆ ಎರಡನೆಯ ಕಟ್ಟಳೆ ಬಂತು. ದೊಡ್ಡವರು ಕೊಟ್ಟದ್ದರ ಮೇಲೆ ಚಿಕ್ಕವರು ಕೊಟ್ಟದ್ದು ನಿಲ್ಲುವುದಿಲ್ಲ. ಅದನ್ನು ಬೆಟ್ಟದಾಚೆಯವರು ಹೇಳಲಿಲ್ಲ, ಕೇಳಲಿಲ್ಲ, ಅವರಿಗೆ ಅದು ಹೊಳೆದೂ ಇರಲಿಲ್ಲ. ಊರೇ ಮುಂದಾಗಿ ಮಾಡಿ ಅವರ ಕೈಗಿಟ್ಟ ಕಟ್ಟಳೆ. ಆ ಊರು ಮಾಡಿದ ತಪ್ಪು ಇದೊಂದೇ, ಮಿಕ್ಕಿದ್ದೆಲ್ಲ ಇದರ ಮರಿಗಳು. ಬಡಗಿ ಉದುರಿದ ಮಣ್ಣನ್ನು ಮತ್ತೆ ಕಲಸಿ ಮೆತ್ತಿದ.

ಅಕ್ಕ ಮಾತ್ರ ದಿನಾ ತನ್ನ ಹೊಸ್ತಿಲ ಮೇಲೆ ಕೂತು ತಮ್ಮನ ಮನೆಯ ಬೆನ್ನುಗೋಡೆಯನ್ನು ನೋಡುತ್ತಿದ್ದಳು. ನಡುವಿನ ಬೀದಿಯಲ್ಲಿ ಗಾಡಿಗಳು ಓಡಾಡತೊಡಗಿದವು. ಸೇತುವೆ ದಾಟಿ ಬರಿದಾಗಿ ಬರುತ್ತಿದ್ದವು, ಊರಿನ ಪಡುವಣದ ಕಡಲ ತೀರಕ್ಕೆ ಹೋಗಿ ಅಲ್ಲಿಯ ಕರಿಮರಳನ್ನು ತುಂಬಿಕೊಂಡು ಹಿಂದಿರುಗುತ್ತಿದ್ದವು. ಒಂದು ದಿನ ಅಕ್ಕ ಯಜಮಾನನನ್ನು ತಡೆದು ನಿಲ್ಲಿಸಿದಳು.

“ಇಷ್ಟು ಮರಳು ನಾವು ಅವರಿಗೆ ಕೊಟ್ಟಂಗಲ್ವಾ ಯಜಮಾನ್ರೇ? ಬೆಟ್ಟದಾಚೆ ಒಂದಾದ್ರೂ ಬಾಗಿಲು ಈ ಕಡೀಕೆ ತಿರುಗಿದೆಯಾ? ಯಾರಾದ್ರೂ ಹೋಗಿ ನೋಡ್ಕೊಂಡು ಬಂದ್ರಾ?”

“ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ, ಹಂಗಾಯ್ತು ನಿನ್ನ ಮಾತು” ಎಂದು ಯಜಮಾನ ಗದರಿದ. ಗದರಿದನೇ ಹೊರತು ಅವಳ ಕಣ್ಣು ನೋಡಲಿಲ್ಲ.

ಕರಿಮರಳು ಹೋಗುತ್ತಿರುವ ಸುದ್ದಿ ಕಡಲಿನ ಆಚೆಗೂ ತಲುಪಿತು. ಕಡಲಾಚೆಯವರದೂ ದೊಡ್ಡ ನಾಡು, ದೊಡ್ಡ ಕೈ. ಬೆಟ್ಟದಾಚೆಯವರಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಹಡಗು ಬಂತು. ಹಡಗಿನಿಂದ ಒಬ್ಬ ಹೆಂಗಸು ಇಳಿದಳು. ಬಿಳಿ ಬಟ್ಟೆ, ಮೆಲು ಮಾತು. ಊರವರು ಅವಳನ್ನು ಹಡಗಿನಮ್ಮ ಅಂದರು. ಬಾಗಿಲಿನ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ತಿಳಿದುಕೊಂಡೇ ಬಂದಿದ್ದಳು. ಅವಳು ಊರಿಗೆ ಕೊಡಲಿಲ್ಲ, ಮನೆಮನೆಗೆ ಕೊಟ್ಟಳು. ಒಬ್ಬರಿಗೆ ಹಂಚಿನ ಬದಲು ತಗಡು, ಒಬ್ಬರಿಗೆ ದೀಪ, ಕೆಮ್ಮುವವರಿಗೆ ಔಷಧಿ. ಮೂಡಲ ಸಾಲಿನವರು ಸೇತುವೆಯ ಮನುಷ್ಯನಿಗೆ ಹೆದರಿ ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕೊಟ್ಟರು. ಪಡುವಣ ಸಾಲಿನವರು ಇಟ್ಟುಕೊಂಡರು. ದೊಡ್ಡವರ ಮೇಲೆ ದೊಡ್ಡವರು ಕೊಟ್ಟದ್ದು ನಿಲ್ಲುತ್ತದೆಯೇ ಎಂದು ಯಜಮಾನ ಮೂರು ದಿನ ಯೋಚಿಸಿ, ನಿಲ್ಲುತ್ತದೆ ಅಂದ. ಹೊಸ್ತಿಲು, ಬಾಗಿಲುವಾಡ, ಕದ. ಪಡುವಣ ಸಾಲು ಒಂದೊಂದೇ ಮನೆಯಾಗಿ ಬೀದಿಗೆ ಬೆನ್ನು ಹಾಕಿ ಕಡಲಿಗೆ ಮುಖ ಮಾಡಿತು. ಅಕ್ಕನ ಮನೆಯೊಂದು ಉಳಿಯಿತು.

ಅಕ್ಕನಿಗೆ ಉಬ್ಬಸ ಶುರುವಾದದ್ದು ಆ ವರ್ಷವೇ. ಗಾಡಿಗಳ ಧೂಳಿಗೋ, ವಯಸ್ಸಿಗೋ, ಉಸಿರು ಎಳೆದರೆ ಬರುತ್ತಿರಲಿಲ್ಲ. ಕಾಲು ಊದಿತು. ಊರಿನ ಬೇರು, ಕಷಾಯ ಎಲ್ಲ ಆಯಿತು. ಹಡಗಿನಮ್ಮ ತಾನಾಗಿಯೇ ಬಂದು ಅಕ್ಕನ ಎದೆಗೆ ಕಿವಿಯಿಟ್ಟು ಕೇಳಿ, ಒಂದು ಸಣ್ಣ ಸೀಸೆ ಕೊಟ್ಟಳು. “ಇದನ್ನ ಕುಡೀತಾ ಇದ್ರೆ ಬದುಕ್ತೀರಿ. ಬಿಟ್ರೆ ಇಲ್ಲ” ಅಂದಳು. ಅದು ನಿಜವಾಗಿತ್ತು. ಸುಳ್ಳಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಬಡಗಿ ಓಡಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಅಕ್ಕ ಹೊಸ್ತಿಲ ಮೇಲೆ ಗೋಡೆಗೊರಗಿ ಸೀಸೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

“ತಗೊಂಡೋಗಿ ಕೊಟ್ಟು ಬಾರೋ. ನನಗೆ ನಡೆಯೋಕಾಗಲ್ಲ. ಹೊತ್ತು ಮುಳುಗಿಬಿಟ್ಟೀತು.”

“ಕುಡಿ ಅಕ್ಕ.”

“ನಿನ್ನ ಬಾಗಿಲು ಹೋಯ್ತು. ನಿನ್ನ ಗೋಡೆನಾದ್ರೂ ಕಾಣ್ತಾ ಇದೆಯಲ್ಲೋ ನಂಗೆ. ಒಳಗೆ ನೀನು ಕೆತ್ತೋದು ಕೇಳ್ತದೆ. ಇದನ್ನ ಇಟ್ಟುಕೊಂಡ್ರೆ ಅದೂ ಹೋಯ್ತು.”

“ಗೋಡೆ ಹಾಳಾಗ್ಲಿ. ನೀನು ಇರಬೇಕು.”

“ಬೇಡ ಕಣೋ. ಕೊಟ್ಟು ಬಾ.”

ಅವಳು ಸೀಸೆ ಹಿಡಿದು ತಾನೇ ಏಳಲು ನೋಡಿದಳು. ಬಡಗಿ ಅವಳ ಎರಡೂ ಕೈಗಳನ್ನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲು ನೋಡಿದಳು. ಅವನು ಬಿಡಲಿಲ್ಲ. ಎಷ್ಟೋ ಸಲ ಅವನನ್ನು ನೀರಿಗೆ ಬೀಳದಂತೆ ಹಿಡಿದ ಕೈಗಳು ಅವು, ಈಗ ಅವುಗಳಲ್ಲಿ ಕಸುವಿರಲಿಲ್ಲ. ಅವಳು ಬೈದಳು, ಅತ್ತಳು, ಕೊನೆಗೆ ಕೈ ಸಡಿಲ ಬಿಟ್ಟಳು. ಬೆನ್ನ ಹಿಂದೆ ಕಡಲಿನಲ್ಲಿ ಸೂರ್ಯ ಇಳಿಯುತ್ತಿದ್ದ. ಬಡಗಿಯ ಗೋಡೆಯ ಮೇಲಿನ ಬಿಸಿಲು ಕೆಂಪಾಯಿತು, ಮೇಲೇರಿತು, ಸೂರಿನ ಅಂಚಿಗೆ ಹೋಗಿ ಆರಿಹೋಯಿತು. ಆಮೇಲೆ ಅವನು ಕೈ ಬಿಟ್ಟ.

ಬೆಳಗ್ಗೆ ಅಕ್ಕನ ಬಾಗಿಲನ್ನು ಅವನೇ ತಿರುಗಿಸಿದ. ಬೇರೆಯವರು ಮಾಡಲೂ ಬಾರದು, ಮಾಡಿದರೆ ಅವನು ತಾಳಿಕೊಳ್ಳಲೂ ಆರ. ಹೊಸ್ತಿಲು ಎತ್ತುವಾಗ ಅದರ ನಡುವೆ ಅವಳು ಕೂತು ಕೂತು ಸವೆದ ತಗ್ಗು ಕೈಗೆ ಸಿಕ್ಕಿತು. ಹಳೆಯ ಕಂಡಿಗೆ ಮಣ್ಣು ಮೆತ್ತಲು ಅವಳಿಗೆ ಶಕ್ತಿ ಇರಲಿಲ್ಲ, ಮೂರು ಹಿಡಿ ಮಾತ್ರ ಅವಳು ಹಾಕಿದಳು, ಮಿಕ್ಕದ್ದನ್ನು ಅವನು ಹಾಕಿದ. ಅವನ ಹೆಗಲು ಹಿಡಿದು ಮೂರು ಹೆಜ್ಜೆ ನಡೆದು ಕಡಲಿಗೆ “ಕಂಡೆ” ಅಂದಳು. ಹಡಗಿನಮ್ಮ ತೀರದಿಂದ ಕೈಯೆತ್ತಿ “ಕಂಡೆ” ಅಂದಳು. ಬೇರೆ ನಾಡಿನ ನಾಲಗೆಯಲ್ಲಿ ಆ ಮಾತು ಒಂದು ಥರ ಚೆನ್ನಾಗಿಯೇ ಕೇಳಿಸಿತು.

ಅಕ್ಕ ಬದುಕಿದಳು. ಪ್ರತಿ ಹುಣ್ಣಿಮೆಗೆ ಹಡಗು ಬರುತ್ತಿತ್ತು, ಸೀಸೆ ಬರುತ್ತಿತ್ತು. ಬೀದಿಯ ಎರಡು ಬದಿಗೂ ಈಗ ಬರೀ ಬೆನ್ನುಗೋಡೆಗಳು. ಯಾರ ಬಾಗಿಲೂ ಇಲ್ಲದ ಬೀದಿಯನ್ನು ಗುಡಿಸುವವರು ಯಾರು? ಎಕ್ಕ ಬೆಳೆಯಿತು, ಕಸ ಬಿತ್ತು. ಗಾಡಿಗಳೂ ಬೇರೆ ದಾರಿ ಹಿಡಿದವು. ಬಡಗಿ ಅಕ್ಕನನ್ನು ನೋಡಬೇಕೆಂದರೆ ಇಡೀ ಸಾಲು ಸುತ್ತಿ ಕಡಲ ಕಡೆಗೆ ಹೋಗಬೇಕು. ಹೋಗುತ್ತಿದ್ದ. ಎರಡು ಸಲ ಸೇತುವೆಯ ಮನುಷ್ಯ ದಾರಿಯಲ್ಲಿ ಸಿಕ್ಕು, ನಗುತ್ತಲೇ, “ಆ ಕಡೆ ಏನಾದ್ರೂ ಕೊಟ್ರಾ?” ಎಂದು ಕೇಳಿದ. ಮೂರನೆಯ ಸಲ ಯಜಮಾನ ಮನೆಗೇ ಬಂದು, “ಸುಮ್ನೆ ಯಾಕಪ್ಪಾ ಊರಿಗೆ ತೊಂದರೆ” ಅಂದ. ಆಮೇಲೆ ಬಡಗಿ ಎಕ್ಕದ ಗಿಡಗಳ ನಡುವೆ ನಿಂತು ಅಕ್ಕನ ಬೆನ್ನುಗೋಡೆಗೆ ಬಾಯಿಟ್ಟು ಮಾತಾಡಿ ಬರುತ್ತಿದ್ದ. ಮಣ್ಣನ್ನು ಅವನೇ ಮೆತ್ತಿದ್ದ, ಒಳ್ಳೆಯ ಕೆಲಸ, ದಪ್ಪ ಗೋಡೆ. ಒಳಗಿನಿಂದ ಕೆಮ್ಮು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕೆಮ್ಮು ಕೇಳಿದರೆ ಸಾಕು, ಇದ್ದಾಳೆ ಅಂದುಕೊಂಡು ಹಿಂದಿರುಗುತ್ತಿದ್ದ. ಹೀಗೆ ನಾಲ್ಕು ವರ್ಷ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಈ ಊರು ಬಡವಾದದ್ದು ಅವರು ಒಂದಾದ ಮೇಲೆ. ಬೆಟ್ಟದಾಚೆಯವರೂ ಕಡಲಾಚೆಯವರೂ ಎಲ್ಲೋ ದೂರದಲ್ಲಿ ಕೂತು, ಊಟ ಮಾಡಿ, ರಾಜಿಯಾದರಂತೆ. ತೀರದಲ್ಲಿ ಕರಿಮರಳೂ ಮುಗಿದಿತ್ತು. ಒಂದು ಬೆಳಗ್ಗೆ ಸೇತುವೆಯ ಮನುಷ್ಯ ತಿರುಗಾಡಲು ಬರಲಿಲ್ಲ. ಒಂದು ಹುಣ್ಣಿಮೆಗೆ ಹಡಗು ಬರಲಿಲ್ಲ. ಇನ್ನೊಂದು ಹುಣ್ಣಿಮೆಗೂ ಬರಲಿಲ್ಲ. ಯಾರಿಗೂ ಹೇಳಿ ಹೋಗಿರಲಿಲ್ಲ. ಹೇಳುವಷ್ಟು ದೊಡ್ಡದಾಗಿ ಅವರಿಗೆ ಈ ಊರು ಕಂಡಿರಲಿಕ್ಕಿಲ್ಲ.

ಯಜಮಾನ ತಲೆ ಕೆರೆದುಕೊಂಡು, “ಇನ್ನೇನು, ಬೇಕಾದೋರು ಬೇಕಾದ ಕಡೆ ತಿರುಗಿಸ್ಕೊಳ್ರಪ್ಪ” ಅಂದ. ಬಡಗಿ ಅಂದೇ ಉಳಿ ಮಸೆದು ಕಾದ. ಯಾರೂ ಕರೆಯಲಿಲ್ಲ. ನೋಡೋಣ, ನಾಳೆ ಬಂದರೆ, ನಾಡಿದ್ದು ಬಂದರೆ ಎಂದು ಒಂದು ಸಾಲು ಬೆಟ್ಟವನ್ನೂ ಇನ್ನೊಂದು ಸಾಲು ಕಡಲನ್ನೂ ನೋಡುತ್ತ ಕೂತವು. ಬಡಗಿ ಮೂರು ದಿನ ಕಾದು, ಯಾರಿಗೂ ಕಾಯದೆ ತನ್ನ ಬಾಗಿಲನ್ನು ಕಿತ್ತು ಬೀದಿಯ ಕಡೆಗೆ ಇಟ್ಟ. ಹೊಸ ಕಂಡಿಯ ಮುಂದಿನ ಎಕ್ಕವನ್ನೆಲ್ಲ ಸವರಿದ. ಆಮೇಲೆ ಹಾರೆ, ಉಳಿ, ಕೊಡತಿ ಹೆಗಲಿಗೇರಿಸಿ ಅಕ್ಕನ ಮನೆಗೆ ಹೊರಟ. ಅವನು ಹಾಗೆ ಚಿಗರೆಯಂತೆ ನಡೆದದ್ದನ್ನು ಊರು ಬಹಳ ದಿನದಿಂದ ಕಂಡಿರಲಿಲ್ಲ.

ಅಕ್ಕ ಕಡಲ ಕಡೆಯ ಹೊಸ್ತಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸೀಸೆ, ತಳದಲ್ಲಿ ಹನಿಹನಿಯಾಗಿ ಕುಡಿದು ಉಳಿಸಿದ ಎರಡು ಬೆರಳು ಔಷಧಿ.

“ಬಂದ್ಯಾ? ಸ್ವಲ್ಪ ಪಕ್ಕಕ್ಕೆ ಬಾರೋ, ಅಡ್ಡ ಆಗ್ತೀಯ” ಅಂದಳು.

ಬಡಗಿ ಪಕ್ಕಕ್ಕೆ ಸರಿದ. “ನನ್ನ ಬಾಗಿಲು ತಿರುಗಿಸಿದೆ ಅಕ್ಕ, ನಿನ್ನ ಕಡೀಕೆ. ಏಳು, ನಿಂದೂ ತಿರುಗಿಸಿಬಿಡ್ತೀನಿ. ಸಂಜೆಯೊಳಗೆ ಮುಗೀತದೆ.”

“ಇವತ್ತು ಬೇಡ ಕಣೋ.”

“ನಾಳೆ?”

“ಹಡಗು ಬರೋ ಹೊತ್ತಿಗೆ ಬಾಗಿಲು ಆ ಕಡೆ ಇದ್ರೆ ಆಯಮ್ಮ ಏನಂದ್ಕೊತಾಳೆ? ನಮ್ಮನ್ನ ಮರೆತ್ರು ಅಂತ ಹಂಗೇ ತಿರುಗಿಕೊಂಡು ಹೋಗಿಬಿಟ್ರೆ?”

“ಅವರು ಬರಲ್ಲ ಅಕ್ಕ.”

“ನಿನಗೆ ಹೇಳಿ ಹೋದ್ರಾ?”

ಬಡಗಿ ಬಾಯಿ ತೆರೆದ. ಹೇಳಬೇಕಾದದ್ದು ನಾಲಗೆಯ ತುದಿಯಲ್ಲೇ ಇತ್ತು. ಬರುವುದಿಲ್ಲ ಎಂದರೆ ಈ ಎರಡು ಬೆರಳು ಮುಗಿದ ಮೇಲೆ ನೀನಿಲ್ಲ ಎಂದ ಹಾಗೆ. ಬಾಗಿಲು ತಿರುಗಿಸು ಎಂದರೆ ಸಾಯಲು ಒಪ್ಪಿಕೋ ಎಂದ ಹಾಗೆ. ಬೇಡ ಬೇಡ ಅಂದವಳ ಕೈ ಹಿಡಿದು ಬದುಕುವ ಆಸೆಯನ್ನು ಅವಳೊಳಗೆ ಕೂರಿಸಿದವನು ಅವನೇ. ಈಗ ಅದನ್ನು ಎಬ್ಬಿಸಿ ಕಳಿಸು ಎಂದು ಯಾವ ಬಾಯಲ್ಲಿ ಹೇಳುವುದು?

ಅವನು ಹಾರೆಯನ್ನು ಗೋಡೆಗೆ ಒರಗಿಸಿದ. ಉಳಿ ಕೊಡತಿಗಳನ್ನು ಕೆಳಗಿಟ್ಟ. ಹೊಸ್ತಿಲ ಮೇಲೆ ಅಕ್ಕನ ಪಕ್ಕ ಕೂತ. ಇಬ್ಬರಿಗೆ ಆಗುವಷ್ಟು ಅಗಲ ಇರಲಿಲ್ಲವಾಗಿ ಹೆಗಲಿಗೆ ಹೆಗಲು ತಾಗಿಸಿ ಕೂತರು. ಎದುರಿಗೆ ಕರಿಮರಳು ಹೋಗಿ ಬರೀ ಕಲ್ಲು ಉಳಿದಿದ್ದ ತೀರ, ಅದರಾಚೆ ಕಡಲು.

“ನನ್ನ ಕಣ್ಣು ಮಂಜು ಮಂಜು. ನೀನು ನೋಡೋ. ಏನಾದ್ರೂ ಕಾಣ್ತದಾ?”

“ಇನ್ನೂ ಇಲ್ಲ ಅಕ್ಕ.”

“ನೋಡ್ತಾ ಇರು.”

ಮರುದಿನವೂ ಬಂದು ಕೂತ. ಅದರ ಮರುದಿನವೂ. ಎರಡು ಬೆರಳು ಔಷಧಿ ಒಂದು ಬೆರಳಾಯಿತು, ಒಂದು ಬೆರಳು ಹನಿಯಾಯಿತು, ಸೀಸೆ ಒಣಗಿತು. ಅಕ್ಕನ ಉಸಿರು ಮತ್ತೆ ಸೀಟಿ ಹೊಡೆಯತೊಡಗಿತು. ಅವಳು ಅವನ ಕಡೆ ತಿರುಗುತ್ತಿರಲಿಲ್ಲ, ತಿರುಗಿದರೆ ಅಷ್ಟರಲ್ಲಿ ಹಡಗು ಬಂದು ಹೋದೀತೆಂಬ ಅಂಜಿಕೆ. ಏನಾದ್ರೂ ಕಾಣ್ತದಾ ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು, ಇನ್ನೂ ಇಲ್ಲ ಎಂದು ಅವನು ಹತ್ತು ಸಲ ಹೇಳುತ್ತಿದ್ದ. ಒಂದು ಮಧ್ಯಾಹ್ನ ಅವಳ ಉಸಿರಾಟ ನೋಡಲಾಗದೆ, “ಅಗೋ, ದೂರದಲ್ಲಿ ಏನೋ ಕಪ್ಪಗೆ ಕಾಣ್ತದೆ” ಎಂದುಬಿಟ್ಟ.

“ಹೌದಾ? ಹಡಗಾ?”

“ಇರಬೇಕು.”

“ಸರಿಯಾಗಿ ನೋಡೋ.”

ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಸುಳ್ಳು ಹೇಳಿದವನೇ ಆದರೂ ನೋಡಿದ. ನೀರು, ಬಿಸಿಲು, ನೀರು. ನೋಡುತ್ತ ನೋಡುತ್ತ, ಹೌದಲ್ಲ, ಅಲ್ಲೊಂದು ಚುಕ್ಕೆ ಇದೆಯಲ್ಲ ಅನ್ನಿಸಿತು ಅವನಿಗೆ. ಅದು ದೊಡ್ಡದಾಗುತ್ತದೆಯೇ, ಈ ಕಡೆಗೇ ಬರುತ್ತದೆಯೇ ಎಂದು ರೆಪ್ಪೆ ಮಿಟುಕಿಸದೆ ಕಾದ. ಹೆಗಲಿಗೆ ತಾಗಿದ್ದ ಹೆಗಲು ಭಾರವಾದದ್ದು ಅವನ ಗಮನಕ್ಕೆ ಬರಲಿಲ್ಲ. ಅಕ್ಕ ಯಾವ ಗಳಿಗೆಯಲ್ಲಿ ಹೋದಳೆಂದು ಆಮೇಲೆ ಊರವರು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಅವನು ಕಡಲನ್ನು ನೋಡುತ್ತಿದ್ದ.